ಯಾರ ಮನ್ಯಾಗ ಇಳೀತಿ?

"ಅಲ್ಲಿ ಯಾರ ಮನ್ಯಾಗ ಇಳೀತಿ?"

ಅವ್ವ ಹೀಗೆ ಕೇಳಿದಾಗ ನಾನು ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಎಕ್ಸೆಲ್ ಶೀಟ್ ತುಂಬುತ್ತಿದ್ದೆ. ಹೋದ ನವೆಂಬರ್ ತಿಂಗಳ ಮಾತು. ಜನವರಿಯಲ್ಲಿ ಆಫೀಸಿನ ಕೆಲಸಕ್ಕೆ ಮೂರು ವಾರ ಹೆಲ್ಸಿಂಕಿಗೆ ಹೋಗುವುದಿತ್ತು. ಹೆಂಡತಿ ತಾನೂ ಬರ್ತೀನಿ ಅಂದಿದ್ದಳು. ಅಷ್ಟು ದೂರ ಹೋದ ಮೇಲೆ ಇನ್ನೂ ನಾಲ್ಕು ದಿನ ರಜೆ ಹಾಕಿ, ಆರ್ಕ್‌ಟಿಕ್ ವೃತ್ತ ದಾಟಿ, ಆಕಾಶದಲ್ಲಿ ಹಸಿರು ಬೆಳಕು ಆಡೋದನ್ನ ಒಮ್ಮೆ ನೋಡಿ ಬರೋಣ ಅಂತ ಇಬ್ಬರದೂ ಆಸೆ. ಹೀಗಾಗಿ ಕಲಬುರಗಿಯ ಮನೆಯಲ್ಲಿ ಫ್ಯಾನಿನ ಕೆಳಗೆ ಕೂತು, ಮೈನಸ್ 25 ಡಿಗ್ರಿಯ ಊರಲ್ಲಿ ಎಲ್ಲಿ ಮಲಗೋದು ಅಂತ ಲೆಕ್ಕ ಹಾಕ್ತಿದ್ದೆ.

"ಮನಿ ಅಲ್ಲವ್ವ, ಹೋಟೆಲ್ಲು."

"ಹೋಟೆಲ್ ಯಾರದು?"

"ಯಾರದಾದ್ರೇನು? ರೊಕ್ಕ ಕೊಡ್ತೀವಿ, ಇರ್ತೀವಿ."

"ಹೊರಗ ನಿಂತ್ರ ಸಾಯೋವಷ್ಟು ಥಂಡಿ ಅಂತಿ. ಒಳಗ ಕರಕೊಳ್ಳೋರು ಯಾರಂತ ಗೊತ್ತಿಲ್ಲಂತಿ. ಛಲೋ ಆತು."

ನಕ್ಕು ಸುಮ್ಮನಾದೆ. ನನ್ನ ಶೀಟಿನಲ್ಲಿ ಹನ್ನೊಂದು ಕಾಲಂ ಇದ್ದವು. ಬೆಲೆ, ವಿಮಾನ ನಿಲ್ದಾಣದಿಂದ ದೂರ, ಸಸ್ಯಾಹಾರ ಸಿಗ್ತದೋ ಇಲ್ಲವೋ, ಊರಿನ ಬೆಳಕಿನಿಂದ ಎಷ್ಟು ಆಚೆ, ಬುಕಿಂಗ್ ರದ್ದು ಮಾಡಿದರೆ ದುಡ್ಡು ವಾಪಸ್ಸು ಬರ್ತದೋ ಇಲ್ಲವೋ, ಹೀಗೆ. "ಯಾರ ಮನೆ" ಅನ್ನೋ ಕಾಲಂ ಇರಲಿಲ್ಲ.

ಆಯ್ಕೆಗಳೇನೂ ಕಡಿಮೆ ಇರಲಿಲ್ಲ. ಸ್ವೀಡನ್ನಿನ ಯುಕ್ಕಾಸ್‌ಯಾರ್ವಿ ಎಂಬ ಹಳ್ಳಿಯಲ್ಲಿ 1989–90ರ ಚಳಿಗಾಲದಿಂದ ಪ್ರತಿ ವರ್ಷ ಟೋರ್ನೆ ನದಿಯ ಮಂಜುಗಡ್ಡೆ ಕೊಯ್ದು ಹೋಟೆಲ್ ಕಟ್ಟುತ್ತಾರೆ, ಬೇಸಿಗೆಗೆ ಅದು ಕರಗಿ ಮತ್ತೆ ನದಿಗೇ ಹೋಗುತ್ತದೆ. ಒಳಗೆ ಮೈನಸ್ 5ರ ಆಸುಪಾಸು, ಹಿಮಸಾರಂಗದ ಚರ್ಮದ ಮೇಲೆ ಮಲಗಬೇಕು. ಫಿನ್ಲೆಂಡಿನಲ್ಲಿ ಗಾಜಿನ ಚಾವಣಿಯ ಗುಂಡನೆ ಮನೆಗಳಿವೆ, ಹಾಸಿಗೆಯಲ್ಲಿ ಬಿದ್ದುಕೊಂಡೇ ಆಕಾಶ ನೋಡಬಹುದು. ಬೆಲೆ ನೋಡಿದರೆ ಮಾತ್ರ ಹಾಸಿಗೆಯಿಂದ ಕೆಳಗೆ ಬೀಳಬೇಕು. ನಾರ್ವೆಯ ಟ್ರೋಮ್ಸೋ ದೊಡ್ಡ ಊರು. ಅಟ್ಲಾಂಟಿಕ್‌ನ ಬಿಸಿನೀರಿನ ಪ್ರವಾಹದಿಂದಾಗಿ ಅಷ್ಟು ಉತ್ತರದಲ್ಲಿದ್ದೂ ಚಳಿ ಸ್ವಲ್ಪ ಹದ, ಆದರೆ ಮೋಡ ಜಾಸ್ತಿ. ಅಲ್ಲಿ ಊರೊಳಗಿನ ಅಪಾರ್ಟ್‌ಮೆಂಟ್‌ಗಳೇ ದಿನದ ಬಾಡಿಗೆಗೆ ಸಿಗುತ್ತವೆ. ಕೊನೆಯದು, ಊರಾಚೆ ಯಾವುದೋ ಕುಟುಂಬ ತಮ್ಮ ಮನೆಗೆ ಹೊಂದಿಕೊಂಡೇ ನಡೆಸುವ ನಾಲ್ಕು ಕೋಣೆಯ ಅತಿಥಿಗೃಹ.

ಇವುಗಳಲ್ಲಿ ಯಾವುದು ಒಳ್ಳೆಯದು ಅನ್ನೋದು ರುಚಿಯ ಮಾತು, ಜೇಬಿನ ಮಾತು, ಇದರಲ್ಲಿ ಧರ್ಮ ಅಧರ್ಮದ ಪ್ರಶ್ನೆ ಎಲ್ಲಿಂದ ಬಂತು ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಅವ್ವನ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಯಾಕಂದರೆ ಅದೇ ಪ್ರಶ್ನೆಯನ್ನು ನಾನು ಸಣ್ಣವನಿದ್ದಾಗ ಕೇಳಿದ್ದೆ, ಸರಿಯಾದ ಉತ್ತರ ಸಿಕ್ಕಿರಲಿಲ್ಲ.

ನಮ್ಮೂರು ಕಮಲಾಪುರದಿಂದ ಒಳಗೆ, ಕೆಂಪು ಬಾಳೆಯ ತೋಟಗಳ ನಡುವೆ ಇರುವ ಹಳ್ಳಿ. ಈಗ ಕಮಲಾಪುರ ತಾಲೂಕು ಕೇಂದ್ರ. 2017ರ ಅಕ್ಟೋಬರ್‌ನಿಂದ ಕಲಬುರಗಿ–ಬೀದರ್ ರೈಲೂ ಓಡುತ್ತಿದೆ, ಮನೆಮನೆಗೆ ಬೈಕು ಬಂದಿವೆ. ಆಗ ಹಂಗಿರಲಿಲ್ಲ. ನಮಗೆ ಇದ್ದದ್ದು ಒಂದು ವಸ್ತಿ ಬಸ್ಸು. ರಾತ್ರಿ ಎಂಟೂವರೆಗೆ ಕಲಬುರಗಿಯಿಂದ ಬಂದು, ರಾತ್ರಿಯೆಲ್ಲ ಊರಲ್ಲೇ ನಿಂತು, ಬೆಳಿಗ್ಗೆ ಆರಕ್ಕೆ ಹೊರಡುತ್ತಿತ್ತು. ಬಸ್ಸಿನ ಜೊತೆ ಡ್ರೈವರು, ಕಂಡಕ್ಟರು ಇಬ್ಬರೂ ಊರಿಗೆ ರಾತ್ರಿಯ ಅತಿಥಿಗಳು. ಊಟ ಒಂದೊಂದು ದಿನ ಒಂದೊಂದು ಮನೆಯವರದು. ನಮ್ಮ ಪಾಳಿ ಬಂದಾಗ ಅವ್ವ ಬಿಸಿರೊಟ್ಟಿ, ಪುಂಡಿಪಲ್ಯ ಮಾಡುತ್ತಿದ್ದಳು. ಮುತ್ಯಾ ಪಡಸಾಲೆಯಲ್ಲಿ ಜಮಖಾನ ಹಾಸಿಸುತ್ತಿದ್ದ. ಅದೆಲ್ಲ ಎಂಥ ಸಡಗರ ಅಂದರೆ, ಡ್ರೈವರ್ ಅಂದರೆ ನಮ್ಮ ಪಾಲಿಗೆ ಮಂತ್ರಿ ಬಂದಂಗೆ.

ಒಂದು ವರ್ಷ ಹೊಸ ಕಂಡಕ್ಟರ್ ಬಂದರು. ಡ್ರೈವರ್ ಎಂದಿನಂತೆ ಪಡಸಾಲೆಗೆ ಬಂದು ಕೂತರು. ಕಂಡಕ್ಟರ್ ಬರಲಿಲ್ಲ. ಅವರ ಊಟ ಬಸ್ಸಿಗೇ ಹೋಯಿತು, ಬಾಳೆ ಎಲೆಯಲ್ಲಿ ಕಟ್ಟಿಸಿಕೊಂಡು. ಜೊತೆಗೆ ಎರಡು ಕೆಂಪು ಬಾಳೆಹಣ್ಣು. ತಗೊಂಡು ಹೋದವನು ನಾನು. "ಮ್ಯಾಲಿಂದ ಕೈಯಾಗ ಬಿಡು, ಮುಟ್ಟಬ್ಯಾಡ" ಅಂತ ಮುತ್ಯಾ ಹೇಳಿ ಕಳಿಸಿದ್ದ. ಅವರು ಬಸ್ಸಿನ ಕೊನೆಯ ಸೀಟಿನ ಮೇಲೆ ಚಾದರ ಹಾಸಿಕೊಂಡು ಕೂತಿದ್ದರು. ಎರಡೂ ಕೈ ಚಾಚಿದರು. ನಾನು ಮೇಲಿಂದ ಬಿಟ್ಟೆ. "ಸಾಲಿಗಿ ಹೋಗ್ತಿಯೇನಪ್ಪ?" ಅಂತ ಕೇಳಿದರು. ನಾನು ಉತ್ತರ ಕೊಡದೆ ಓಡಿ ಬಂದೆ.

"ಮುತ್ಯಾ, ಅವ್ರು ಯಾಕ ಬಸ್ಸಿನ್ಯಾಗ ಮಲಗ್ಯಾರ?"

"ಅವರಿಗಿ ಅಲ್ಲೇ ಛಲೋ ಅನಸ್ತದ."

ನಮ್ಮ ಮನೆಯ ಅತಿಥಿ ಸತ್ಕಾರದ ಬಗ್ಗೆ ಊರೆಲ್ಲ ಹೊಗಳುತ್ತಿತ್ತು. ನಾನೂ ಬೆಂಗಳೂರಲ್ಲಿ ಗೆಳೆಯರ ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದೇನೆ: ನಮ್ಮ ಕಡೆ ಹಳ್ಳಿಗಳಲ್ಲಿ ಲಾಡ್ಜ್ ಬೇಕಾಗೋದಿಲ್ಲ ನೋಡ್ರಿ, ಯಾರ ಮನೆಗೆ ಹೋದರೂ ಊಟ ಹಾಕಿ ಹಾಸಿಗೆ ಕೊಡ್ತಾರ ಅಂತ. ಆ ಮಾತಿನಲ್ಲಿ "ಯಾರ ಮನೆಗೆ" ಅನ್ನೋದನ್ನ ಸರಿಯಾಗಿಯೇ ಹೇಳುತ್ತಿದ್ದೆ. "ಯಾರು ಹೋದರೂ" ಅನ್ನೋದನ್ನ ಮಾತ್ರ ನುಂಗಿಬಿಡುತ್ತಿದ್ದೆ.

ಎರಡನೇ ಸಲ ಈ ಪ್ರಶ್ನೆ ಎದುರಾದದ್ದು ಕಲಬುರಗಿಯಲ್ಲಿ, ಬಿಇ ಓದುವಾಗ. ಎರಡನೇ ವರ್ಷಕ್ಕೆ ನಾನು ಮತ್ತು ನನ್ನ ಕ್ಲಾಸಿನ ಗೆಳೆಯ ಕೂಡಿ ಒಂದು ಖೋಲಿ ಹುಡುಕಲು ಹೊರಟೆವು. ಒಂದು ಮನೆ ಇಬ್ಬರಿಗೂ ಹಿಡಿಸಿತು. ನೆಲಕ್ಕೆ ಶಹಾಬಾದ್ ಫರ್ಸಿ, ಮುಂದೆ ಬೇವಿನ ಮರ. ಮಾಲೀಕರು ಖೋಲಿ ತೋರಿಸಿದರು, ನೀರಿನ ಟೈಮು ಹೇಳಿದರು, ಕಿರಾಯಿ ಹೇಳಿದರು. ಆಮೇಲೆ ಕೇಳಿದರು, "ನೀವು ಯಾವ ಮಂದಿ?"

ನಾನು ಹೇಳಿದೆ. ಅವರ ಮುಖ ಅರಳಿತು. ಗೆಳೆಯನೂ ಹೇಳಿದ. ಅವನು ಸುಳ್ಳು ಹೇಳುವವನಲ್ಲ. ಮಾಲೀಕರು ಒಂದು ಗಳಿಗೆ ಸುಮ್ಮನಿದ್ದು, "ಮರತೇ ಬಿಟ್ಟಿದ್ದೆ ನೋಡ್ರಿ, ನಿನ್ನೆ ಒಬ್ಬರು ಬಯಾನ ಕೊಟ್ಟು ಹೋಗ್ಯಾರ" ಅಂದರು.

ಮೂರು ದಿನ ಬಿಟ್ಟು ನಾನೊಬ್ಬನೇ ಹೋದೆ. ಖೋಲಿ ಖಾಲಿಯೇ ಇತ್ತು. ನಾನು ಅದನ್ನ ಹಿಡಿದೆ, ಎರಡು ವರ್ಷ ಅಲ್ಲೇ ಇದ್ದೆ. ಗೆಳೆಯ ಯಾರದೋ ಮನೆಯ ಮಾಳಿಗೆ ಮೇಲಿನ ತಗಡಿನ ಶೆಡ್ಡಿನಲ್ಲಿ ಉಳಿದ. ಕಲಬುರಗಿಯ ಮೇ ತಿಂಗಳು ಗೊತ್ತಿದ್ದವರಿಗೆ ತಗಡಿನ ಶೆಡ್ಡು ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಹೊರಗೆ 43, 44 ಡಿಗ್ರಿ ಇದ್ದರೆ ಒಳಗೆ ರೊಟ್ಟಿ ಹಂಚು. ಪರೀಕ್ಷೆಯ ದಿನಗಳಲ್ಲಿ ಅವನು ರಾತ್ರಿ ನೆಲಕ್ಕೆ ನೀರು ಸುರಿದು, ಒದ್ದೆ ಟವೆಲ್ ಹೊದ್ದು ಓದುತ್ತಿದ್ದ. ಆ ಖೋಲಿಯ ಬಗ್ಗೆ ಅವನು ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ.

ಇದನ್ನೆಲ್ಲ ಯಾಕೆ ನೆನೆಸಿಕೊಂಡೆ ಅಂದರೆ, ಅವ್ವ ಕೇಳಿದ ಪ್ರಶ್ನೆಯನ್ನೇ ವೀಸಾದವರೂ ಕೇಳಿದರು. ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕುವಾಗ ಅಲ್ಲಿ ಎಲ್ಲಿ ಇಳಿದುಕೊಳ್ಳುತ್ತೀರಿ ಅನ್ನೋದಕ್ಕೆ ದಾಖಲೆ ಕೊಡಬೇಕು. ಆ ಕಾಗದ ಜೋಡಿಸಿಕೊಂಡು, ಪಾಸ್‌ಪೋರ್ಟ್ ವಾಪಸ್ ಬರೋದನ್ನ ಕಾಯ್ತಾ ಇದ್ದ ದಿನಗಳಲ್ಲಿ ನಾನು ಅಂಬೇಡ್ಕರ್ ಅವರ "ವೇಟಿಂಗ್ ಫಾರ್ ಎ ವೀಸಾ" ಓದಿದೆ. ಹೆಸರು ನೋಡಿ ತೆಗೆದದ್ದು, ಸುಳ್ಳು ಯಾಕೆ ಹೇಳಲಿ. ಅದರಲ್ಲಿ ಬರೋಡಾದ ಪ್ರಸಂಗ ಇದೆ. ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ನೌಕರಿಗೆ ಸೇರಲು ಹೋದ ಮನುಷ್ಯನಿಗೆ ಆ ಊರಲ್ಲಿ ತಂಗಲು ಜಾಗ ಇಲ್ಲ. ಹಿಂದೂ ಹೋಟೆಲುಗಳು ಸೇರಿಸುವುದಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರು ಹೇಳಿಕೊಂಡು ಇರುತ್ತಾರೆ. ಹನ್ನೊಂದನೇ ದಿನ ಬೆಳಿಗ್ಗೆ ಕೋಲು ಹಿಡಿದ ಗುಂಪು ಬಂದು ಸಂಜೆಯೊಳಗೆ ಖಾಲಿ ಮಾಡು ಅನ್ನುತ್ತದೆ. ಇಬ್ಬರು ಸ್ನೇಹಿತರ ಮನೆಯಲ್ಲಿ ಕೇಳುತ್ತಾರೆ. ಇಬ್ಬರೂ ಏನೋ ಒಂದು ನೆವ ಹೇಳುತ್ತಾರೆ. ಕೊನೆಗೆ ಸಾರ್ವಜನಿಕ ಉದ್ಯಾನದಲ್ಲಿ ಕೂತು ರಾತ್ರಿಯ ರೈಲು ಕಾಯುತ್ತಾರೆ.

ನಾನು ತಡೆದು ನಿಂತದ್ದು ಕೋಲು ಹಿಡಿದವರ ಹತ್ತಿರ ಅಲ್ಲ. ನೆವ ಹೇಳಿದ ಆ ಇಬ್ಬರು ಸ್ನೇಹಿತರ ಹತ್ತಿರ. ನಾನು ನೆವವನ್ನೂ ಹೇಳಿರಲಿಲ್ಲ.

ಹಾಗಾದರೆ ದುಡ್ಡು ಕೊಟ್ಟು ಇಳಿಯುವ ಲಾಡ್ಜೇ ಮೇಲು ಅಲ್ಲವೇ? ಈ ಪ್ರಶ್ನೆಯನ್ನು ನಾನು ಪ್ರಾಮಾಣಿಕವಾಗಿ ಕೇಳಿಕೊಂಡೆ. ಮನೆ ಅಂದರೆ ಪ್ರೀತಿ, ಹೋಟೆಲ್ ಅಂದರೆ ವ್ಯಾಪಾರ ಅಂತ ನಾವು ಬಾಯಿಪಾಠ ಮಾಡಿಕೊಂಡಿದ್ದೇವೆ. ಆದರೆ ಕಲಬುರಗಿ ಬಸ್‌ಸ್ಟ್ಯಾಂಡ್ ಎದುರಿನ ಸಾದಾ ಲಾಡ್ಜಿನ ಕೌಂಟರಿನಲ್ಲಿ ಆಧಾರ್ ಕಾರ್ಡು, ಮುಂಗಡ ಬಿಟ್ಟರೆ ಬೇರೆ ಕೇಳೋದಿಲ್ಲ. ಕೇಳಲೂ ಬಾರದು. ಸಂವಿಧಾನದ 15ನೇ ವಿಧಿಯ ಎರಡನೇ ಖಂಡ ಅಂಗಡಿ, ಉಪಾಹಾರ ಗೃಹ, ಹೋಟೆಲುಗಳ ಬಾಗಿಲಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಅನ್ನುತ್ತದೆ. ಕೆರೆ, ಬಾವಿ, ಸ್ನಾನಘಟ್ಟ, ರಸ್ತೆಗಳ ಹೆಸರೂ ಅಲ್ಲಿ ಬರುತ್ತವೆ. ಮನೆಯ ಹೊಸ್ತಿಲು ಬರುವುದಿಲ್ಲ. ನಮ್ಮ ಪಡಸಾಲೆಗೆ ಬರಲಾಗದಿದ್ದ ಆ ಕಂಡಕ್ಟರ್‌ಗೆ ಹಳ್ಳಿಯಲ್ಲೊಂದು ಲಾಡ್ಜ್ ಇದ್ದಿದ್ದರೆ ಅದೇ ದೊಡ್ಡ ಗೌರವ ಆಗುತ್ತಿತ್ತು. ರೊಕ್ಕ ಕೊಟ್ಟು ಒಳಗೆ ಹೋಗೋದರಲ್ಲಿ ಯಾರ ಹಂಗೂ ಇಲ್ಲ, ಯಾರ ಕೈಯಿಂದಲೂ ಏನೂ ಮೇಲಿಂದ ಬೀಳೋದಿಲ್ಲ.

ಆದರೆ ರೊಕ್ಕಕ್ಕೂ ಅದರದೇ ಹೊಸ್ತಿಲು ಇದೆ. ಟ್ರೋಮ್ಸೋದಂಥ ಊರಲ್ಲಿ ಅಪಾರ್ಟ್‌ಮೆಂಟುಗಳು ಪ್ರವಾಸಿಗಳಿಗೆ ಹೋಗುತ್ತಾ ಹೋದಂತೆ ಅಲ್ಲೇ ಓದುವ, ದುಡಿಯುವ ಮಂದಿಗೆ ಬಾಡಿಗೆ ಮನೆ ಸಿಗೋದು ಕಷ್ಟವಾಗಿದೆ ಅಂತ ಜಗಳ ನಡೆದಿದೆ. ನಾನು ಮೂರು ರಾತ್ರಿ ಮಲಗುವ ಹಾಸಿಗೆ ಯಾವನೋ ವಿದ್ಯಾರ್ಥಿಯ ಖೋಲಿ ಆಗಬಹುದಿತ್ತು. ಇನ್ನೊಂದು ಕಡೆ ಫಿನ್ಲೆಂಡಿನಲ್ಲಿ ಅಲ್ಲಿನ ಮೂಲನಿವಾಸಿ ಸಾಮಿ ಜನರ ಉಡುಪನ್ನು ಸಾಮಿ ಅಲ್ಲದವರು ತೊಟ್ಟು ಪ್ರವಾಸಿಗಳ ಮುಂದೆ ನಿಲ್ಲುತ್ತಿದ್ದರು. ಬೇಸತ್ತ ಅಲ್ಲಿನ ಸಾಮಿ ಸಂಸತ್ತು 2018ರಲ್ಲಿ ಪ್ರವಾಸೋದ್ಯಮಕ್ಕೆಂದೇ ನೀತಿಸೂತ್ರಗಳನ್ನು ಒಪ್ಪಿ ಪ್ರಕಟಿಸಿತು. "ಯಾರ ಮನ್ಯಾಗ ಇಳೀತಿ" ಅನ್ನೋ ಪ್ರಶ್ನೆಯನ್ನೇ ಅವರೂ ಕೇಳುತ್ತಿದ್ದಾರೆ ಅನ್ನಿಸಿತು. ನಿಮ್ಮನ್ನು ಸ್ವಾಗತಿಸಿದವರು ನಿಜವಾಗಿ ಆ ಮನೆಯವರೇನಾ ಅಂತ ನೋಡಿಕೊಳ್ಳಿ ಅಂತ.

ಶೀಟಿಗೆ ಹನ್ನೆರಡನೇ ಕಾಲಂ ಸೇರಿಸಿದೆ. ಮಾಲೀಕರು ಯಾರು, ಅಲ್ಲೇ ಇರ್ತಾರೋ ಇಲ್ಲವೋ. ಅದರ ಲೆಕ್ಕದಲ್ಲಿ ಗಾಜಿನ ಮನೆ, ಅಪಾರ್ಟ್‌ಮೆಂಟು ಎರಡೂ ಕೆಳಗೆ ಹೋದವು. ಫಿನ್ಲೆಂಡಿನ ಸಾರಿಸೆಲ್ಕಾ ಕಡೆ, ಗಂಡ ಹೆಂಡತಿ ಇಬ್ಬರೇ ನಡೆಸುವ ಅತಿಥಿಗೃಹ ಗೊತ್ತು ಮಾಡಿದೆವು. ಇದರಿಂದ ನಾನೇನೋ ಪುಣ್ಯ ಕಟ್ಟಿಕೊಂಡೆ ಅಂತಲ್ಲ. ನಾವು ಕೊಟ್ಟದ್ದು ರೊಕ್ಕವೇ, ಅವರು ಮಾಡಿದ್ದು ವ್ಯಾಪಾರವೇ. ಆದರೆ ಬೆಳಿಗ್ಗೆ ಗಂಜಿಯಂಥ ಓಟ್ಸ್ ಬಡಿಸುತ್ತಾ ಆ ಯಜಮಾನಿ, "ನಿಮ್ಮೂರಲ್ಲಿ ಈಗ ಎಷ್ಟು ಡಿಗ್ರಿ?" ಅಂತ ಕೇಳಿದರು. ಮೂವತ್ತು ಅಂದೆ. ಬೇಸಿಗೆಯಲ್ಲಿ? ನಲವತ್ನಾಲ್ಕು ಅಂದೆ. "ಅಷ್ಟರಲ್ಲಿ ಮನುಷ್ಯರು ಇರೋಕೆ ಆಗುತ್ತಾ?" ಅಂದರು. ನಮ್ಮ ಅವ್ವ ಇವರ ಊರಿನ ಬಗ್ಗೆ ಇದನ್ನೇ ಕೇಳಿದ್ದಳು.

ಹಸಿರು ಬೆಳಕು ಒಂದು ರಾತ್ರಿ ಇಪ್ಪತ್ತು ನಿಮಿಷ ಕಂಡಿತು. ಚೆನ್ನಾಗಿತ್ತು. ಆದರೆ ನನಗೆ ಉಳಿದದ್ದು ಮರುದಿನ ಕಂಡ ಇನ್ನೊಂದು ವಸ್ತು. ಗೈಡ್ ಒಬ್ಬರ ಜೊತೆ ಹಿಮದ ಮೇಲೆ ನಡೆಯುವ ಅಗಲ ಪಾದುಕೆ ಕಟ್ಟಿಕೊಂಡು ಗುಡ್ಡದ ಕಡೆ ಹೋದೆವು. ಅಲ್ಲಿ ಒಂದು ಮರದ ಮನೆ. ಬಾಗಿಲಿಗೆ ಬೀಗ ಇಲ್ಲ, ಒಳಗೆ ಯಾರೂ ಇಲ್ಲ. ಒಂದು ಕಬ್ಬಿಣದ ಒಲೆ, ಅಗಲವಾದ ಹಲಗೆಯ ಮಂಚ, ಮೂಲೆಯಲ್ಲಿ ಒಣಗಿದ ಸೌದೆ. ಫಿನ್ನಿಶ್ ಭಾಷೆಯಲ್ಲಿ ಇದಕ್ಕೆ ಅವ್ತಿಯೋತುಪಾ ಅನ್ನುತ್ತಾರೆ, ಖಾಲಿ ಮನೆ ಅಂತ ಅರ್ಥ. ಕಾಡಿನಲ್ಲಿ ನಡೆಯುವವರಿಗಾಗಿ ಸರಕಾರದ ಅರಣ್ಯ ಸಂಸ್ಥೆ ಇಂಥ ಮನೆಗಳನ್ನು ನೋಡಿಕೊಳ್ಳುತ್ತದೆ. ಬಾಡಿಗೆ ಇಲ್ಲ, ಬುಕಿಂಗ್ ಇಲ್ಲ. ಹಳೆಯ ಕಾಲದಿಂದ ನಡೆದುಬಂದ ಒಂದು ಕಟ್ಟಳೆ ಇದೆ: ಕೊನೆಗೆ ಬಂದವರಿಗೆ ಮೊದಲ ಹಕ್ಕು. ಮೊದಲೇ ಬಂದು ಮೈ ಬೆಚ್ಚಗೆ ಮಾಡಿಕೊಂಡವರು ಜಾಗ ಬಿಡಬೇಕು. ಜಾಗ ಸಾಲದಿದ್ದರೆ ಅವರೇ ಹೊರಟು ಮುಂದೆ ಸಾಗಬೇಕು. ಹೋಗುವ ಮುಂಚೆ ಮುಂದಿನವರಿಗೆ ಸೌದೆ ಒಳಗೆ ತಂದಿಟ್ಟು ಹೋಗಬೇಕು.

ನಾನು ಇಂಜಿನಿಯರ್, ಕ್ಯೂ ಅಂದರೆ ಮೊದಲು ಬಂದವರಿಗೆ ಮೊದಲು ಅಂತ ಕಲಿತವನು. ಇದು ತಲೆಕೆಳಗು ಅನ್ನಿಸಿತು. ಹೊರಗೆ ಮೈನಸ್ 22 ಇತ್ತು. ಒಲೆ ಮುಂದೆ ಹತ್ತು ನಿಮಿಷ ಕೂತ ಮೇಲೆ ತಿಳಿಯಿತು. ಆಗ ತಾನೇ ಬಾಗಿಲು ತಳ್ಳಿದವನೇ ಎಲ್ಲರಿಗಿಂತ ಹೆಚ್ಚು ಚಳಿ ತಿಂದವನು, ಅವನಿಗೇ ಒಲೆ ಎಲ್ಲರಿಗಿಂತ ಹೆಚ್ಚು ಬೇಕು. ಆ ಕಟ್ಟಳೆಯಲ್ಲಿ ದಯೆ, ದಾನ ಅನ್ನೋ ಮಾತೇ ಇಲ್ಲ. ಒಳಗಿರುವವನು ಒಡೆಯನಲ್ಲ, ಮೊದಲು ಬಂದ ಅತಿಥಿ ಅಷ್ಟೇ.

ಇದು ನಮಗೆ ಗೊತ್ತಿಲ್ಲದ್ದೇನಲ್ಲ. ಮಹಾದಾಸೋಹಿ ಅಂತ ಕರೆಸಿಕೊಂಡ ಶರಣಬಸವೇಶ್ವರರು (1746–1822) ನೆಲೆನಿಂತ ಊರು ಕಲಬುರಗಿ. ದಾಸೋಹದಲ್ಲಿ ಬಡಿಸುವವನು ದಾನಿ ಅಲ್ಲ, ದಾಸ. ಅದೇ ಊರಲ್ಲಿ 1422ರಲ್ಲಿ ತೀರಿಕೊಂಡ ಬಂದೇನವಾಜರ ದರ್ಗಾ ಇದೆ, ಉರುಸಿಗೆ ಎಲ್ಲ ಧರ್ಮದವರೂ ಹೋಗುತ್ತಾರೆ. ಜಾತ್ರೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವನು ಯಾವ ಮಂದಿ ಅಂತ ನಾನು ಯಾವತ್ತೂ ಕೇಳಿಲ್ಲ, ನಮ್ಮ ಮುತ್ಯಾನೂ ಕೇಳಿರಲಿಕ್ಕಿಲ್ಲ. ಗುಡಿಯ ಅಂಗಳದಲ್ಲಿ ಬಿಟ್ಟುಕೊಟ್ಟದ್ದನ್ನು ಮನೆಗೆ ಬಂದು ಹೊಸ್ತಿಲಲ್ಲಿ ವಾಪಸ್ಸು ತೆಗೆದುಕೊಳ್ಳುತ್ತೇವೆ.

ಹೊರಡುವ ಮುಂಚೆ ನಾನೂ ಹೆಂಡತಿಯೂ ಸೌದೆ ಹೊತ್ತು ತಂದು ಒಲೆಯ ಪಕ್ಕ ಪೇರಿಸಿದೆವು. ಮುಂದೆ ಬರುವವರು ಯಾರೋ ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ.

ಊರಿಗೆ ವಾಪಸ್ಸು ಬಂದ ಮೇಲೆ ಅವ್ವ ಎಲ್ಲ ಕೇಳಿದಳು.

"ಆಕಿ ನಿಮಗ ಯಾವ ಮಂದಿ ಅಂತ ಕೇಳಲಿಲ್ಲೇನು?"

"ಇಲ್ಲವ್ವ."

"ಮತ್ತ ಹ್ಯಾಂಗ ಒಳಗ ಬಿಟ್ಟಳು?"

"ಹೊರಗ ಥಂಡಿ ಇತ್ತಲ್ಲ."

ಅವ್ವ ಏನೂ ಅನ್ನಲಿಲ್ಲ.

ಈಗ ಹೇಳಬೇಕಾದ್ದನ್ನ ಹೇಳಿಬಿಡ್ತೀನಿ. ನಮ್ಮ ಕಲಬುರಗಿ ಮನೆಯ ಮಾಳಿಗೆ ಮೇಲೆ ಒಂದು ಖೋಲಿ ಇದೆ, ಕಿರಾಯಿಗೆ ಕೊಡುತ್ತೇವೆ. ಫೆಬ್ರವರಿಯಲ್ಲಿ ಅದು ಖಾಲಿ ಆಗಿತ್ತು. ಒಬ್ಬ ಹುಡುಗ ಫೋನ್ ಮಾಡಿದ, ಬಿಇ ಮೂರನೇ ವರ್ಷ. ಯಾವೂರು ಅಂದೆ, ಹೇಳಿದ. ಹೆಸರು ಹೇಳಿದ. "ಪೂರ್ತಿ ಹೆಸರು?" ಅಂತ ನನ್ನ ಬಾಯಿಂದ ಬಂತು.

ಆ ಕಡೆ ಒಂದು ಕ್ಷಣ ಮೌನ. ಆ ಹುಡುಗನಿಗೆ ನಾನು ಕೇಳಿದ್ದೇನು ಅಂತ ಗೊತ್ತಾಯಿತು, ನನಗೂ ಗೊತ್ತಾಯಿತು. ಅಗ್ರಿಮೆಂಟಿಗೆ ಬೇಕಿತ್ತು ಅಂತ ನನಗೆ ನಾನೇ ಹೇಳಿಕೊಳ್ಳಬಹುದಿತ್ತು. ಆದರೆ ಅಗ್ರಿಮೆಂಟು ಫೋನಿನಲ್ಲಿ ಯಾರೂ ಬರೆಯೋದಿಲ್ಲ. ಹದಿನೈದು ವರ್ಷದ ಹಿಂದೆ ಬೇವಿನ ಮರದ ಕೆಳಗೆ ನಿಂತು ಕೇಳಿದವರ ದನಿಯೇ ನನ್ನ ಗಂಟಲಿನಲ್ಲಿತ್ತು, ಸ್ವಲ್ಪ ನಯವಾಗಿತ್ತು ಅಷ್ಟೇ. "ಬ್ಯಾಡ ಬಿಡು ತಮ್ಮಾ, ಬಂದು ಖೋಲಿ ನೋಡು" ಅಂದೆ. ಅವನು ಬಂದ. ಈಗ ಮೇಲೆ ಅವನೇ ಇದ್ದಾನೆ.

ಕೆಲವು ದಿನ ಅವ್ವ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಯಾರೋ ಏನೋ ಅಂದಿದ್ದರು. ಆಮೇಲೆ ರೂಢಿ ಆಯಿತು. ಆದರೆ ಚಹಾ ಕೊಡುವಾಗ ಅವನಿಗೆ ಒಂದು ಕಪ್ಪು ಬೇರೆ ಇಟ್ಟಿದ್ದಾಳೆ. ನಾನು ಎರಡು ಸಲ ಜಗಳ ಮಾಡಿದೆ. ಮೂರನೇ ಸಲ ಅದೇ ಕಪ್ಪಿನಲ್ಲಿ ನಾನು ಚಹಾ ಕುಡಿದೆ. ಅವ್ವ ನೋಡಿದಳು, ತೊಳೆದಳು, ಮತ್ತೆ ಅದೇ ಗೂಡಿನಲ್ಲಿ ಬೇರೆಯಾಗಿ ಇಟ್ಟಳು. ಆ ಹುಡುಗನಿಗೆ ಇದು ಗೊತ್ತಿಲ್ಲ ಅಂದುಕೊಳ್ಳುವಷ್ಟು ದಡ್ಡ ನಾನಲ್ಲ.

ಹೀಗಾಗಿ ಇಲ್ಲಿ ಗೆದ್ದ ಕತೆ ಹೇಳೋಕೆ ನನ್ನ ಹತ್ತಿರ ಏನೂ ಇಲ್ಲ. ಎಲ್ಲಿ ಇಳಿಯಬೇಕು ಅಂತ ಹನ್ನೆರಡು ಕಾಲಂ ಹಾಕಿ ಯೋಚಿಸೋದು, ಯಾವ ಬಾಗಿಲೂ ಮುಖದ ಮೇಲೆ ಮುಚ್ಚದವರಿಗೆ ಸಿಗುವ ಸುಖ. ಅಂಥವರು ಆ ಶೀಟನ್ನು ಮುಚ್ಚಿಟ್ಟು, ತಮ್ಮ ಬಾಗಿಲಲ್ಲಿ ತಾವು ಏನು ಕೇಳ್ತೀವಿ ಅಂತಲೂ ನೋಡಬೇಕು ಅಂತ ಮಾತ್ರ ಈಗ ನನಗೆ ಅನ್ನಿಸಿದೆ.

ಇದು ಮೇ ತಿಂಗಳು. ನಿನ್ನೆ ಮಧ್ಯಾಹ್ನ ಅವ್ವ ಮಾಳಿಗೆ ಮೇಲೆ ಮೆಣಸಿನಕಾಯಿ ಒಣಹಾಕಿ ಕೆಳಗಿಳಿದು ಬಂದಳು, ಸೆರಗಿನಿಂದ ಮುಖ ಒರೆಸಿಕೊಂಡಳು.

"ಮ್ಯಾಲಿನ ಖೋಲಿ ಕಾದ ಹಂಚ ಆಗ್ಯದ. ಆ ಹುಡುಗಗ ಪರೀಕ್ಷಾ ಅವ ಅಂತ. ಒಂದು ಕೂಲರ್ ಹಾಕಸು."

ಇವತ್ತು ಸಂಜೆ ಹೋಗಿ ತಂದು ಕೂಡಿಸಿದೆ. ಕಪ್ಪು ಇನ್ನೂ ಗೂಡಿನಲ್ಲಿ ಬೇರೆಯೇ ಇದೆ.